ಕಾರ್ಕಳದಲ್ಲಿ ಬದಲಾದ ಬುರ್ಖಾ

ಕಾಪು,
9-11-2025, ಭಾನುವಾರ

ಪ್ರೀತಿಯ ಮಗಳು ಮಿಸ್ರಿಯಾಳಿಗೆ ಉಮ್ಮನ ಸಲಾಂ.

ಹೇಗಿದ್ದೀ? ತಲೆನೋವು ಕಡಿಮೆಯಾಯಿತಾ? ಮೊನ್ನೆ ಶುಕ್ರವಾರ ಫೋನಿನಲ್ಲಿ ನಿನ್ನ ಸ್ವರ ಶೀತ ಆದವರ ಸ್ವರದ ಹಾಗಿತ್ತು. ಎ.ಸಿ.ಗೆ ಮುಖ ಕೊಟ್ಟು ಮಲಗಬೇಡ ಎಂದರೆ ನೀನು ಕೇಳುವವಳಲ್ಲ. ಸಣ್ಣವಳಿರುವಾಗಲೂ ಫ್ಯಾನಿನ ನೇರ ಕೆಳಗೇ ಚಾಪೆ ಹಾಸುತ್ತಿದ್ದವಳು ನೀನು. ಅಳಿಯನ ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಉಂಟು ಎಂದುಕೊಂಡಿದ್ದೇನೆ. ಅವನ ಎದುರು ಖರ್ಜೂರದ ಡಬ್ಬ ತೆರೆದಿಡಬೇಡ. ಅಲ್ಲಾಹನ ದಯೆಯಿಂದ ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ, ಹಾಗಾಗಿ ನಮಾಝ್ ಈಗ ಕುರ್ಚಿಯ ಮೇಲೆ. ಮಳೆ ಹೋಯಿತು ಎಂದು ನಂಬಿ ಸಿಗಡಿ ಒಣಗಲು ಹಾಕಿದ ದಿನವೇ ಅದು ಮತ್ತೆ ಬಂತು. ಉಳಿದದ್ದನ್ನು ವಾಸನೆ ಹೊರಗೆ ಬಾರದ ಹಾಗೆ ಮೂರು ಪದರ ಪ್ಲಾಸ್ಟಿಕ್ ಸುತ್ತಿ ನಿನಗೆ ಕಳುಹಿಸುತ್ತಿದ್ದೇನೆ.

ವಾಟ್ಸಾಪು ಇರುವಾಗ ಉಮ್ಮನಿಗೆ ಇದೆಂಥ ಕಾಗದದ ಮರುಳು ಎಂದು ನೀನು ನಗಬಹುದು. ನೀನು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆ ಮಾಡುವವಳು. ನಾನು ಇಲ್ಲಿ ಪಿಸುಗುಟ್ಟಿದ್ದನ್ನು ಅಲ್ಲಿ ನಿನ್ನ ನಾದಿನಿ, ಅವಳ ಮಕ್ಕಳು, ಎದುರುಮನೆಯ ಹೆಂಗಸು ಎಲ್ಲರೂ ಕೇಳಿಸಿಕೊಂಡು ಕೊನೆಗೆ ನನಗೆ ಸಲಾಂ ಬೇರೆ ಹೇಳುತ್ತಾರೆ. ಕಾಗದಕ್ಕೆ ಸ್ಪೀಕರ್ ಇಲ್ಲ. ನನ್ನ ಜೊತೆ ಶಾಲೆಯಲ್ಲಿದ್ದ ಶಿರ್ವದ ಮೇಬಲ್ ಟೀಚರಿನ ಮಗ ಅಲೆಕ್ಸ್ ಸೌದಿಯಲ್ಲಿ ನಿಮ್ಮ ಜುಬೈಲಿನಲ್ಲೇ ಕೆಲಸದಲ್ಲಿದ್ದಾನಲ್ಲ, ಅವನು ರಜೆ ಮುಗಿಸಿ ನಾಡಿದ್ದು ಮಂಗಳವಾರ ವಿಮಾನ ಹತ್ತುತ್ತಾನೆ. ಇವತ್ತು ಸಂಜೆ ಸಾಮಾನು ಒಯ್ಯಲು ಬರುತ್ತಾನೆ. ಬುಧವಾರ ಇದು ನಿನ್ನ ಕೈಯಲ್ಲಿರುತ್ತದೆ. ಬ್ಯಾರಿಯಲ್ಲಿ ಬರೆಯೋಣವೆಂದರೆ ನಮ್ಮ ಭಾಷೆ ಬಾಯಿಗೆ ಬಂದಷ್ಟು ಸಲೀಸಾಗಿ ಕೈಗೆ ಬರುವುದಿಲ್ಲ. ಜೀವಮಾನವಿಡೀ ಮಕ್ಕಳಿಗೆ ಕಲಿಸಿದ ಕನ್ನಡದಲ್ಲೇ ಬರೆಯುತ್ತೇನೆ. ತಪ್ಪು ಹುಡುಕಬೇಡ, ಸಿಗುವುದಿಲ್ಲ.

ನೀನು ವಹಿಸಿದ ಕೆಲಸ ಮರೆತಿಲ್ಲ. ಕಾರ್ಕಳದ ಝೊಹರಾ ಅವರ ಮನೆಯವರಿಗೆ ನಮ್ಮ ಅಫ್ರಾ ಒಪ್ಪಿಗೆಯಾಗಿದ್ದಾಳೆ, ಆದರೆ ನಿಶ್ಚಿತಾರ್ಥದ ದಿನದಿಂದ ಹುಡುಗಿ ಮುಖ ಮುಚ್ಚಬೇಕು, ಇದು ಅವರ ಷರತ್ತು ಎಂದು ನೀನು ಫೋನಿನಲ್ಲಿ ಹೇಳಿದೆ. ಇಲ್ಲಿ ನನ್ನ ಜೊತೆ ಇರುವ ನಿನ್ನ ಮಗಳನ್ನು ಒಪ್ಪಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದೆ. ನಾನು ಹೇಳಿದೆ. ಅವಳು ಆಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹುಡುಗ ಅವಳಿಗೆ ಇಷ್ಟವಾಗಿದ್ದಾನೆ, ಅದನ್ನು ನಾನು ನಿನಗೆ ಖಚಿತವಾಗಿ ಹೇಳಬಲ್ಲೆ. ಆಗಸ್ಟಿನಲ್ಲಿ ಝೊಹರಾ ಅವರ ಮಗ ಸಫ್ವಾನ್ ರಜೆಯಲ್ಲಿ ಬಂದಾಗ ಮನೆಯ ಹಿರಿಯ ಗಂಡಸರ ಜೊತೆ ನಮ್ಮ ಮನೆಗೆ ಬಂದಿದ್ದ. ಇಬ್ಬರೂ ಜಗಲಿಯಲ್ಲಿ ಕುಳಿತು ಮಾತನಾಡಿದರು, ನಾನು ಒಳಗೆ ಶರಬತ್ತು ಕದಡುತ್ತಾ ಕಿವಿ ಹೊರಗಿಟ್ಟಿದ್ದೆ. ಮಣಿಪಾಲದಲ್ಲಿ ಎಂತ ಕಲಿಯುವುದು ಎಂದು ಅವನು ಕೇಳಿದ. ಮಾತು ಬಾರದ ಮಕ್ಕಳಿಗೆ ಮಾತು ಕಲಿಸುವುದನ್ನು ಕಲಿಯುತ್ತಿದ್ದೇನೆ ಎಂದಳು. ಹಾಗಾದರೆ ಮದುವೆಯ ನಂತರವೂ ಬಿಡಬೇಡಿ, ಒಳ್ಳೆಯ ಕೆಲಸ ಅಂದ ಅವನು. ಅವತ್ತು ರಾತ್ರಿ ಊಟಕ್ಕೆ ಇವಳಿಗೆ ಹಸಿವೇ ಇರಲಿಲ್ಲ. ಅದಾಗಿ ತಿಂಗಳು ಕಳೆಯುವುದರೊಳಗೆ ನಿನ್ನ ಫೋನು ಬಂತು. ಎದುರಿಗೆ ಒಂದು ಹೇಳಿದವನು ಹಿಂದಿನಿಂದ ಇನ್ನೊಂದು ಹೇಳಿಸಿದನಲ್ಲ ಎಂಬುದೇ ಅವಳಿಗೆ ತಾಗಿದ್ದು. ನಿಶ್ಚಿತಾರ್ಥಕ್ಕೆ ಮೊದಲು ಫೋನ್ ನಂಬರು ಕೊಡುವ ಕ್ರಮ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಅವನನ್ನೇ ಕೇಳಿ ತಿಳಿಯುವ ದಾರಿಯೂ ಇರಲಿಲ್ಲ. ಬರುವ ಶುಕ್ರವಾರ ನೀನು ಫೋನ್ ಮಾಡಿದಾಗ ಉತ್ತರ ಹೇಳುತ್ತೇನೆ ಎಂದಿದ್ದಾಳೆ.

ಈ ಮಧ್ಯೆ ಇಲ್ಲಿ ನಡೆದದ್ದನ್ನು ಕೇಳು. ನನ್ನ ಚಿಕ್ಕಮ್ಮನ ಮಗನ ಕೊನೆಯ ಮಗಳ ಮದುವೆ ಕಳೆದ ತಿಂಗಳ ಕೊನೆಯಲ್ಲಿ ಕಾರ್ಕಳದ ಒಂದು ಹಾಲ್‌ನಲ್ಲಿ ಆಯಿತು. ಝೊಹರಾ ಅವರಿಗೂ ಅದು ಸಂಬಂಧದ ಮನೆಯೇ. ಹಾಗಾಗಿ ನಾನೂ ಅಫ್ರಾಳೂ ಹೋಗುವುದು ಊಟಕ್ಕೆ ಮಾತ್ರವಲ್ಲ ಎಂದು ನಮಗೆ ಗೊತ್ತಿತ್ತು. ಮದುವೆ ಹಾಲಿನಲ್ಲಿ ನಮ್ಮ ಹೆಂಗಸರ ಕ್ರಮ ನಿನಗೆ ಹೊಸತಲ್ಲ. ಮೆಟ್ಟಿಲು ಹತ್ತುವವರೆಗೆ ಎಲ್ಲರೂ ಕಪ್ಪು. ಮೇಲೆ ಪಕ್ಕದ ಕೋಣೆಯಲ್ಲಿ ಬುರ್ಖಾ ಕಳಚಿ ಮಂಚದ ಮೇಲೆ ಒಟ್ಟಿದ ಮೇಲೆ ಒಳಗೆ ಹೂವಿನ ಅಂಗಡಿ. ಅವತ್ತು ಮಂಚ ಕಾಣಿಸದ ಹಾಗೆ ರಾಶಿ ಬಿದ್ದಿತ್ತು. ಹಿಂದಿರುಗುವಾಗ ತನ್ನದು ಸಿಗಲಿ ಎಂದು ಒಬ್ಬೊಬ್ಬಳು ಒಂದೊಂದು ಗುರುತು ಮಾಡಿಟ್ಟುಕೊಳ್ಳುತ್ತಾಳೆ. ಒಬ್ಬಳು ಕಾಲರಿನ ಒಳಗೆ ಕೆಂಪು ನೂಲಿನ ಎರಡು ಹೊಲಿಗೆ ಹಾಕಿದರೆ ಇನ್ನೊಬ್ಬಳು ಸೇಫ್ಟಿ ಪಿನ್ ಚುಚ್ಚಿರುತ್ತಾಳೆ. ನನ್ನ ಗುರುತು ನಿನಗೆ ಗೊತ್ತು. ಕತ್ತಿನ ಹಿಂದೆ, ಒಳಗಡೆ, ನನ್ನ ಉಮ್ಮ ಹೊದೆಯುತ್ತಿದ್ದ ವಲ್ಲಿಯ ಅಂಚಿನಿಂದ ಕತ್ತರಿಸಿದ ಬೆರಳುದ್ದದ ತುಂಡು. ಬುರ್ಖಾ ಎಷ್ಟು ಬದಲಾದರೂ ಆ ತುಂಡನ್ನು ಬಿಚ್ಚಿ ಹೊಸದಕ್ಕೆ ಹೊಲಿಯುತ್ತಾ ಬಂದಿದ್ದೇನೆ. ಉಮ್ಮನದ್ದೆಂದು ನನ್ನ ಹತ್ತಿರ ಉಳಿದಿರುವುದು ಅಷ್ಟೇ.

ಊಟ ಮುಗಿದದ್ದೇ ತಡ ವ್ಯಾನಿನವನು ಕೆಳಗಿನಿಂದ ಹಾರ್ನ್ ಹೊಡೆಯತೊಡಗಿದ. ಅದೇ ಹೊತ್ತಿಗೆ ಕರೆಂಟು ಹೋಯಿತು. ಜನರೇಟರಿನವನು ಊಟಕ್ಕೆ ಕುಳಿತಿದ್ದನಂತೆ. ನನ್ನ ಕನ್ನಡಕ ಅಫ್ರಾಳ ಬ್ಯಾಗಿನಲ್ಲಿ, ಅಫ್ರಾ ಮದುಮಗಳ ಜೊತೆ ಫೋಟೋಕ್ಕೆ ನಿಂತಿದ್ದಾಳೆ. ನನಗೇನು, ನಾನು ಯಾವತ್ತೂ ಕಣ್ಣಿನಿಂದ ಹುಡುಕುವವಳಲ್ಲ, ಬೆರಳಿನಿಂದ ಹುಡುಕುವವಳು. ಒಂದೊಂದರ ಕತ್ತಿನ ಹಿಂದೆ ಬೆರಳು ತೂರಿಸಿದೆ. ಒಂದರಲ್ಲಿ ದಪ್ಪ ಪಟ್ಟಿ ಸಿಕ್ಕಿತು. ಇದೇ ನನ್ನದು ಎಂದು ತೊಟ್ಟುಕೊಂಡು ಮೊಣಕಾಲಿಗೆ ಬೈಯುತ್ತಾ ಇಳಿದೆ. ವ್ಯಾನು ಬೆಳ್ಮಣ್ ದಾಟುವಾಗ ಅಫ್ರಾ ಮೂಗರಳಿಸಿ ನನ್ನತ್ತ ವಾಲಿದಳು. ಊದಿನ ಅತ್ತರು ಯಾವಾಗಿನಿಂದ ಉಮ್ಮಮ್ಮ ಎಂದು ಕೇಳಿದಳು. ನೋಡಿದರೆ ತೋಳಿನ ಅಂಚಿನಲ್ಲಿ ಕಲ್ಲುಗಳು ಮಿಣಮಿಣ ಎನ್ನುತ್ತಿವೆ, ಬಟ್ಟೆ ಮಡಿಲಿನಲ್ಲಿ ನಿಲ್ಲದೆ ಜಾರುತ್ತದೆ. ಕತ್ತಿನ ಹಿಂದೆ ನನ್ನ ಬೆರಳಿಗೆ ಸಿಕ್ಕಿದ್ದು ಕಂಪನಿಯ ಲೇಬಲ್ಲು. ಮಿಸ್ರಿಯಾ, ಆ ವ್ಯಾನಿನಲ್ಲಿದ್ದವರೆಲ್ಲ ಶಿರ್ವದವರೆಗೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಆ ಬುರ್ಖಾದ ಕತ್ತಿನ ಹಿಂದೆ ಮತ್ತೊಮ್ಮೆ ಬೆರಳು ತೂರಿಸಿ ನೋಡಿದೆ. ಉಮ್ಮ ಎರಡನೇ ಸಲ ಹೋದ ಹಾಗಾಯಿತು ನನಗೆ.

ಅಫ್ರಾ ಅದರ ಫೋಟೋ ತೆಗೆದು ಮದುವೆಯ ಹೆಂಗಸರ ವಾಟ್ಸಾಪು ಗುಂಪಿನಲ್ಲಿ ಹಾಕಿದಳು. ಆಮೇಲೆ ಆದದ್ದನ್ನು ನೀನು ನೋಡಬೇಕಿತ್ತು. ನಮ್ಮದು ಮಾತ್ರವಲ್ಲ, ಕತ್ತಲಿನಲ್ಲಿ ಅರ್ಧ ಹಾಲ್‌ನವರ ಬುರ್ಖಾ ಅದಲುಬದಲಾಗಿದೆ. ಬುರ್ಖಾಗಳ ಫೋಟೋ ಒಂದರ ಹಿಂದೆ ಒಂದು ಬಂದವು, ಎಲ್ಲವೂ ಕಪ್ಪು. ಉದ್ಯಾವರದವಳದ್ದು ಬನ್ನಂಜೆಯವಳ ಹತ್ತಿರ, ಬನ್ನಂಜೆಯವಳದ್ದು ಎಲ್ಲಿಯೋ ಪತ್ತೆಯಿಲ್ಲ. ಅಂತೂ ನನ್ನ ಬಳಿಯಿದ್ದ ಕಲ್ಲಿನ ಬುರ್ಖಾಕ್ಕೆ ಸಂಜೆಯ ಹೊತ್ತಿಗೆ ಉತ್ತರ ಬಂತು. ಅದು ನನ್ನದು, ಟೀಚರದ್ದು ನನ್ನ ಹತ್ತಿರ ಉಂಟು, ಜೋಪಾನವಾಗಿ ಇಟ್ಟಿದ್ದೇನೆ ಎಂದು. ಬರೆದವರು ಝೊಹರಾ. ಮದುವೆಯಲ್ಲಿ ಅವರು ನಮ್ಮ ಎದುರಿಗೇ ಕುಳಿತಿದ್ದರು. ಷರತ್ತಿನ ವಿಷಯ ಮನಸ್ಸಿನಲ್ಲಿ ಇದ್ದುದರಿಂದ ನಾನು ಅವರ ಹತ್ತಿರ ಬಿರಿಯಾನಿಯ ಉಪ್ಪಿನ ಬಗ್ಗೆ ಬಿಟ್ಟು ಬೇರೇನೂ ಆಡಿರಲಿಲ್ಲ. ಅವರೂ ಬೇರೆ ಏನೋ ಕೇಳಬೇಕೆಂದು ಬಾಯಿ ತೆರೆದವರು ಕೊನೆಗೆ ಉಪ್ಪಿನಕಾಯಿ ಕೇಳಿದ್ದರು. ಈಗ ನೋಡಿದರೆ ಮೊಣಕೈಯಲ್ಲಿ ತೇಪೆಯಿರುವ, ತೆಂಗಿನೆಣ್ಣೆಯೂ ನೋವಿನ ಮುಲಾಮೂ ಸೇರಿ ವಾಸನೆ ಹೊಡೆಯುವ ನನ್ನ ಬುರ್ಖಾ ಬೀಗರಾಗಬೇಕಾದವರ ಮನೆಯ ಕಪಾಟಿನಲ್ಲಿ.

ಆ ಬುರ್ಖಾ ನಮ್ಮ ಮನೆಯಲ್ಲಿ ಗೋಡೆಗೆ ತೂಗುಹಾಕಿದಷ್ಟು ದಿನವೂ ನನಗೆ ಅದನ್ನು ನೋಡುವುದೇ ಕೆಲಸವಾಯಿತು. ನನ್ನ ಉಮ್ಮ ಹೊರಗೆ ಹೋಗುವಾಗ ಹೊದೆಯುತ್ತಿದ್ದದ್ದು ವಲ್ಲಿ. ನೀನು ಸಣ್ಣವಳಿರುವಾಗ ಕಂಡಿದ್ದೀಯೋ ಇಲ್ಲವೋ, ಚಾದರದಷ್ಟು ಅಗಲ, ಬಣ್ಣದ ಅಂಚು, ತಲೆಯಿಂದ ಮೊಣಕಾಲಿನವರೆಗೆ. ಮುಖ ತೆರೆದೇ ಇರುತ್ತಿತ್ತು. ಮುಖ ಮುಚ್ಚಿಕೊಂಡು ಬಂಗುಡೆಗೆ ಚೌಕಾಸಿ ಮಾಡುವುದು ಹೇಗೆ? ನಮ್ಮ ಪಕ್ಕದ ಮನೆಯ ಮೀನಿನ ಮೋಹಿನಿ ಮೊನ್ನೆಯೂ ಹೇಳಿದಳು: “ನಿಮ್ಮ ಉಮ್ಮನ ವಲ್ಲಿಯ ಅಂಚು ದೂರದಿಂದ ಕಂಡ್ರೆ ಸಾಕಿತ್ತು ಟೀಚರೇ, ಯಾರು ಬರುದು ಅಂತ ಗೊತ್ತಾಗ್ತಿತ್ತು. ಈಗ ಎಂತದ್ದೂ ಗೊತ್ತಾಗುದಿಲ್ಲ ಮಾರಾಯ್ರೆ.” ಈಗ ಅವಳು ಓಣಿಯಲ್ಲಿ ಎದುರಾದ ಬುರ್ಖಾಕ್ಕೆಲ್ಲ ಟೀಚರಾ ಎಂದು ಕೂಗಿಬಿಡುತ್ತಾಳೆ. ಹತ್ತರಲ್ಲಿ ಒಂದು ಸಲ ನಾನಾಗಿರುತ್ತೇನೆ. ಶಾಲೆಗೆ ಹೋಗುವಾಗ ನಾನು ಸೀರೆಯ ಸೆರಗನ್ನೇ ತಲೆಗೆ ಹೊದ್ದು ಕಿವಿಯ ಹತ್ತಿರ ಪಿನ್ ಚುಚ್ಚುತ್ತಿದ್ದೆ. ಆಗ ಮೇಬಲ್ ಕೂಡ ಪೂಜೆಗೆ ಹೋಗುವಾಗ ಇಗರ್ಜಿಯ ಬಾಗಿಲಲ್ಲಿ ತಲೆಗೆ ಸೆರಗು ಎಳೆದುಕೊಳ್ಳುತ್ತಿದ್ದಳು. ನಾವಿಬ್ಬರೂ ಅದನ್ನು ದೊಡ್ಡ ವಿಷಯವೆಂದು ತಿಳಿದಿರಲಿಲ್ಲ.

ಆಮೇಲೆ ನಿನ್ನ ಬಾಪ ದುಬೈಯಿಂದ ಬರುವಾಗ ಒಂದು ಟೇಪ್ ರೆಕಾರ್ಡರು, ಒಂದು ಕಂಬಳಿ, ಒಂದು ಕಪ್ಪು ಬುರ್ಖಾ ತಂದರು. ನಮ್ಮ ಓಣಿಯಲ್ಲಿ ಅದೇ ಮೊದಲನೆಯದು. ನೆರೆಕರೆಯ ಹೆಂಗಸರು ಬಂದು ಟೇಪ್ ರೆಕಾರ್ಡರಿನಷ್ಟೇ ಆಸಕ್ತಿಯಿಂದ ಅದನ್ನೂ ಮುಟ್ಟಿ ನೋಡಿದರು. ನಾನು ಅದನ್ನು ತೊಟ್ಟದ್ದು ದೀನಿಗೋ ದುಬೈಗೋ, ಧರ್ಮಕ್ಕೋ ಶೋಕಿಗೋ ಎಂದು ಕೇಳಿದರೆ ಮೊದಲ ವರ್ಷ ದುಬೈಗೇ ಎನ್ನುತ್ತೇನೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ತೊಡುತ್ತಾ ತೊಡುತ್ತಾ ಅದು ನನ್ನದಾಯಿತು, ಈಗ ಅದಿಲ್ಲದೆ ಗೇಟು ದಾಟಿದರೆ ಏನನ್ನೋ ಮರೆತು ಬಂದ ಹಾಗಾಗುತ್ತದೆ. ಈಗಿನವರದ್ದು ಬೇರೆಯೇ ಲೋಕ. ಕೊಡೆಯ ಹಾಗಿರುವುದು, ಚಿಟ್ಟೆಯ ಹಾಗಿರುವುದು, ಮುಂದೆ ತೆರೆದಿರುವುದು. ಅಫ್ರಾಳ ಸ್ಕಾರ್ಫುಗಳಿಗೆ ಪ್ರತ್ಯೇಕ ಕಪಾಟು ಬೇಕಾಗಿದೆ. ಪಿನ್ ಚುಚ್ಚಿದರೆ ಬಟ್ಟೆ ತೂತಾಗುತ್ತದೆಂದು ಈಗ ಮ್ಯಾಗ್ನೆಟ್ಟು. ಒಂದು ಈಚೆಯಿಂದ, ಒಂದು ಆಚೆಯಿಂದ, ನಡುವೆ ಬಟ್ಟೆ. ಮೊನ್ನೆ ಸಾರು ಬಡಿಸಲು ಬಗ್ಗಿದವಳ ಗಲ್ಲಕ್ಕೆ ಸೌಟು ಹೋಗಿ ಅಂಟಿಕೊಂಡಿತು. ಅಲೆಕ್ಸ್ ಹೇಳುವ ಪ್ರಕಾರ ನಿಮ್ಮ ಜುಬೈಲಿನಲ್ಲೇ ಹುಡುಗಿಯರು ಈಗ ಬಣ್ಣಬಣ್ಣದ್ದು ತೊಟ್ಟು, ಮುಖ ತೆರೆದು ಕಾರು ಓಡಿಸುತ್ತಾರಂತೆ. ಅಲ್ಲಿ ಕಳಚಿದ್ದು ಇಲ್ಲಿಗೆ ಬಂದು ತಲುಪುವಷ್ಟರಲ್ಲಿ ಹೊಸತಾಗಿರುತ್ತದೆ.

ಆದರೆ ಅಫ್ರಾಳ ಸ್ಕಾರ್ಫು ಬರೀ ಶೋಕಿಯಲ್ಲ, ಅದು ನಿನಗೂ ಗೊತ್ತು. ಆ ವರ್ಷದ ಹಿಜಾಬ್ ಗಲಾಟೆಯಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತ ಹುಡುಗಿಯರಲ್ಲಿ ಅವಳೂ ಇದ್ದಳು. ತೆಗೆಯುವುದಿಲ್ಲ ಎಂದವಳು ಮನೆಯಲ್ಲಿ ಕುಳಿತೇ ಓದಿದಳು, ಒಂದು ವರ್ಷ ಹಿಂದೆ ಬಿದ್ದಳು, ಅತ್ತದ್ದನ್ನು ನಾನು ನೋಡಲಿಲ್ಲ. ಯಾರೋ ತೆಗೆದ ಅವಳ ಫೋಟೋ ಊರೂರು ಸುತ್ತಿ ಜುಬೈಲಿನಲ್ಲಿ ನಿನ್ನ ಫೋನಿಗೂ ಬಂತು. ಅದರ ಕೆಳಗೆ ಗುರುತು ಪರಿಚಯವಿಲ್ಲದವರು ಬರೆದದ್ದನ್ನು ನೀನು ಓದಬಾರದಿತ್ತು. ಓದಿದೆ. ಅಂದಿನಿಂದ ನೀನು ಫೋನ್ ಮಾಡುವಾಗ ವಿಡಿಯೋ ಹಾಕುವುದನ್ನೇ ಬಿಟ್ಟೆ. ಯಾರಾದರೂ ಫೋಟೋ ಹಿಡಿಯುತ್ತಾರೆ ಎನ್ನುತ್ತೀ. ನನ್ನ ಮತ್ತು ಉಮ್ಮಮ್ಮನ ನಡುವೆ ಯಾರು ಹಿಡಿಯುತ್ತಾರೆ ಎಂದು ಅವಳು ಒಂದು ಸಲ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ನೀನು ಕಳೆದ ಸಲ ರಜೆ ಮುಗಿಸಿ ಹೋದ ಮೇಲೆ ನಿನ್ನ ಸ್ವರ ಮಾತ್ರ ಈ ಮನೆಗೆ ಬರುತ್ತದೆ.

ಈಗ ಮುಖ್ಯ ವಿಷಯ. ನೀನು ಹಿಂದಿನ ಸಲ ಕಳುಹಿಸಿದ ಮುಖದ ಪರದೆಯನ್ನು ಅಫ್ರಾ ಮದುವೆಯ ಮರುವಾರ ಪೆಟ್ಟಿಗೆಯಿಂದ ತೆಗೆದಳು. ಹಾಕಿ ನೋಡದೆ ಬೇಡ ಎನ್ನುವುದು ನ್ಯಾಯವಲ್ಲ ಅಂದಳು. ಬೆಳಗ್ಗೆಯಿಂದ ಮನೆಯೊಳಗೇ ಹಾಕಿಕೊಂಡು ಓಡಾಡಿದಳು, ಕನ್ನಡಿ ನೋಡಿದಳು, ಗಿಡಗಳಿಗೆ ನೀರು ಬಿಟ್ಟಳು. ತುಂಬ ಆರಾಮ ಉಂಟು, ಯಾರಿಗೂ ನಗಬೇಕಾಗಿಲ್ಲ ಎಂದು ತಮಾಷೆಯನ್ನೂ ಮಾಡಿದಳು. ನಿಜ ಹೇಳಬೇಕೆಂದರೆ ಅವಳು ಒಪ್ಪುವಳೆಂದೇ ನನಗನ್ನಿಸಿತ್ತು. ಮಧ್ಯಾಹ್ನ ಮೋಹಿನಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಶ್ರೇಯಾ ಎಂದು ಹೆಸರು, ಹುಟ್ಟಿನಿಂದಲೇ ಕಿವಿ ಕೇಳಿಸದ ಮಗು, ಈಗ ಕಿವಿಯ ಹಿಂದೆ ಮೆಷಿನು ಉಂಟು. ಮಣಿಪಾಲದಲ್ಲಿ ಅಫ್ರಾಳ ಮೇಡಂ ಹತ್ತಿರ ಅವಳಿಗೆ ಮಾತಿನ ತರಬೇತಿ ನಡೆಯುತ್ತದೆ, ರಜೆಯ ದಿನ ಅಫ್ರಾ ನಮ್ಮ ಜಗಲಿಯಲ್ಲೇ ಅಭ್ಯಾಸ ಮಾಡಿಸುತ್ತಾಳೆ. ಪ ಹೇಳುವಾಗ ತುಟಿ ಹೇಗೆ ಒಡೆಯುತ್ತದೆ, ಮ ಹೇಳುವಾಗ ಹೇಗೆ ಕೂಡುತ್ತದೆ ಎಂಬುದನ್ನು ಮಗು ಅವಳ ಬಾಯಿ ನೋಡಿಯೇ ಕಲಿಯಬೇಕು.

ಅವತ್ತು ಅಫ್ರಾ ಪರದೆ ತೆಗೆಯಲು ಮರೆತಳೋ, ಬೇಕೆಂದೇ ಬಿಟ್ಟಳೋ ನಾನು ಕೇಳಲಿಲ್ಲ. ಹಾಗೆಯೇ ಕುಳಿತು ಶ್ರೇಯಾ ಬಾ ಎಂದಳು. ಮಗು ಮೋಹಿನಿಯ ಸೀರೆ ಹಿಡಿದು ಹಿಂದೆ ಸರಿಯಿತು. ಅಫ್ರಾ ಮತ್ತೆ ಕರೆದಳು, ಚೆಂಡು ತೋರಿಸಿದಳು. ಆ ಕಣ್ಣುಗಳನ್ನು ಗುರುತಿಸಿತೋ ಏನೋ, ಮೆಲ್ಲ ಹತ್ತಿರ ಬಂತು. ಅವಳು ಏನೋ ಹೇಳುತ್ತಿದ್ದಾಳೆ, ಬಟ್ಟೆ ಅಲುಗುತ್ತದೆ, ಮಗುವಿಗೆ ತಲೆಬುಡ ತಿಳಿಯುವುದಿಲ್ಲ. ಎರಡೂ ಕೈಯಿಂದ ಆ ಪರದೆಯನ್ನು ಮೇಲಕ್ಕೆತ್ತಿ, ಒಳಗೆ ಬಗ್ಗಿ ನೋಡಿ, ಅವಳ ತುಟಿಯ ಮೇಲೆ ಬೆರಳಿಟ್ಟಿತು. ಮೋಹಿನಿ ಅಯ್ಯೋ ಎಂದು ಮಗುವಿನ ಕೈ ಹಿಡಿಯಲು ಹೋದಳು. ಅಫ್ರಾ ಬೇಡ ಎಂದು ತಲೆಯಾಡಿಸಿದಳು. ಪರದೆ ತೆಗೆದು ಪಕ್ಕಕ್ಕಿಟ್ಟು, ಏನೂ ಆಗದ ಹಾಗೆ ಚೆಂಡಿನ ಪಾಠ ಮುಗಿಸಿದಳು. ಅವರು ಹೋದ ಮೇಲೆ ಪರದೆಯನ್ನು ನೀಟಾಗಿ ಮಡಿಸುತ್ತಾ ನನ್ನ ಹತ್ತಿರ ಇಷ್ಟೇ ಹೇಳಿದಳು: “ಇದು ಹಾಕಿದ್ರೆ ಆ ಮಗುವಿಗೆ ನಾನು ಇಲ್ಲ ಉಮ್ಮಮ್ಮ. ಸಫ್ವಾನ್ ಒಳ್ಳೆಯವರೇ. ಆದ್ರೆ ಉತ್ತರ ಕೊಡ್ತೇನೆ ಅಂದ ಶುಕ್ರವಾರ ಉಮ್ಮನಿಗೆ ಬೇಡ ಅಂತ ಹೇಳ್ತೇನೆ.” ಅಂದು ತೆಗೆ ಎಂದವರ ಎದುರು ಹಠ ಮಾಡಿದ ಹುಡುಗಿಯೇ ಇವಳು, ಅಷ್ಟು ನೆನಪಿಡು. ತಲೆಯ ಬಟ್ಟೆಯನ್ನು ಅವಳು ಈಗಲೂ ಬಿಡುವುದಿಲ್ಲ. ಹೇಳುವಾಗ ಅಳಲಿಲ್ಲ. ರಾತ್ರಿಯ ಊಟಕ್ಕೆ ಮಾತ್ರ ಮತ್ತೆ ಹಸಿವಿರಲಿಲ್ಲ, ಆಗಸ್ಟಿನ ಹಾಗಲ್ಲ, ಬೇರೆ ರೀತಿಯಲ್ಲಿ.

ಕಳೆದ ಗುರುವಾರ ಝೊಹರಾ ಬಂದರು. ಯಾರದ್ದಾದರೂ ಕೈಯಲ್ಲಿ ಕಳುಹಿಸುತ್ತಾರೆಂದುಕೊಂಡಿದ್ದೆ. ಗೇಟಿನ ಮುಂದೆ ಕಾರು ನಿಂತಿತು, ಓಡಿಸಿಕೊಂಡು ಬಂದವರು ಅವರೇ. ಚೂಡಿದಾರ, ತಲೆಗೆ ತಿಳಿನೀಲಿ ಸ್ಕಾರ್ಫು, ಮುಖ ಬಿಸಿಲಿಗೆ ಕೆಂಪಾಗಿತ್ತು. ಹೌದು, ಮುಖ ತೆರೆದೇ ಇತ್ತು. ಮದುವೆಯಲ್ಲಿ ಹೆಂಗಸರೊಳಗೆ ಎಲ್ಲರೂ ತೆರೆದೇ ಇರುವುದರಿಂದ ಆಗ ನನಗೆ ತಿಳಿಯುವ ಹಾಗಿರಲಿಲ್ಲ. ನನ್ನ ಬುರ್ಖಾವನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಒಗೆಯಲಿಲ್ಲ ಟೀಚರೇ, ಕತ್ತಿನ ಹಿಂದಿನ ತುಂಡಿನ ಬಣ್ಣ ಹೋದೀತೆಂದು ಹೆದರಿಕೆಯಾಯಿತು ಎಂದರು. ಅದು ವಲ್ಲಿಯದ್ದಲ್ಲವಾ ಎಂದು ಕೇಳಿ, ತಮ್ಮ ಅಜ್ಜಿಯ ವಲ್ಲಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, ಬಹುಶಃ ಮಗುವಿನ ತೊಟ್ಟಿಲಿಗೆ ಕಟ್ಟಿ ಹರಿದಿರಬೇಕು ಎಂದರು. ಆ ತುಂಡನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಸವರಿದರು. ನನಗೆ ಆ ಹೆಂಗಸಿನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ನೀರುದೋಸೆ, ಕೋಳಿ ಸಾರು ಮಾಡಿದೆ, ಚೆನ್ನಾಗಿ ಊಟ ಮಾಡಿದರು. ಅಫ್ರಾ ಮಣಿಪಾಲದಲ್ಲಿದ್ದಳು. ಹೋಗುವ ಮೊದಲು ಅವರು ಒಂದು ಮಾತು ಕೇಳಿದರು, ಅದಕ್ಕೆ ಆಮೇಲೆ ಬರುತ್ತೇನೆ. ಕಲ್ಲಿನ ಬುರ್ಖಾವನ್ನು ಕೊಟ್ಟೆ. ಮಗನ ಮೊದಲ ಸಂಬಳದ್ದು, ಮದುವೆಗಳಿಗೆ ಮಾತ್ರ ತೊಡುವುದು, ಮೈತುಂಬ ಜಾರುತ್ತದೆ ಎಂದು ನಕ್ಕರು.

ಬೇರೆ ವಿಶೇಷವೇನೂ ಇಲ್ಲ. ತೆಂಗಿನಕಾಯಿ ಕೀಳುವವನು ಇನ್ನೂ ಬಂದಿಲ್ಲ, ಬರುತ್ತೇನೆಂದವನ ಫೋನು ಬಂದ್ ಉಂಟು. ಮೇಲಿನ ಕೋಣೆಯ ಹೆಂಚು ಒಂದೆರಡು ಜಾರಿವೆ. ಮೇಬಲ್ ನಿನಗೆ ನೆನಪು ಹೇಳಿದ್ದಾಳೆ, ಅವಳ ಮೊಣಕಾಲೂ ನನ್ನ ಮೊಣಕಾಲಿನ ಪಾರ್ಟಿಯೇ ಆಗಿದೆ. ಸಿಗಡಿಯನ್ನು ಬಿಸಿಲು ತೋರಿಸಿಯೇ ಡಬ್ಬಕ್ಕೆ ಹಾಕು. ಅಳಿಯನಿಗೆ ನನ್ನ ಸಲಾಂ, ನಿನ್ನ ನಾದಿನಿಗೂ, ಎದುರುಮನೆಯ ಹೆಂಗಸಿಗೂ. ನಿನ್ನ ತಲೆನೋವು ಇಳಿದು ಕಣ್ತುಂಬ ನಿದ್ದೆ ಬರಲಿ, ಅಲ್ಲಾಹು ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ.

ನಿನ್ನ ಉಮ್ಮ,
ಮೈಮೂನಾ

ತಾ.ಕ.: ಅಲೆಕ್ಸ್ ಬಂದು ಜಗಲಿಯಲ್ಲಿ ಚಹ ಕುಡಿಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆಮೇಲೆ ಬರುತ್ತೇನೆ ಎಂದವಳು ಬರಲೇ ಇಲ್ಲ ನೋಡು, ಬರಲು ಮನಸ್ಸಿರಲಿಲ್ಲ. ಝೊಹರಾ ಕೇಳಿದ್ದು ಇದು: “ಹುಡುಗಿ ಮುಖ ಮುಚ್ಚುವವಳು, ಅದಕ್ಕೆ ಒಪ್ಪುವವರಾದ್ರೆ ಮಾತ್ರ ಮುಂದಿನ ಮಾತು ಅಂತ ನಿಮ್ಮ ಮಗಳು ಹೇಳಿದ್ರು. ನಮ್ಮಲ್ಲಿ ಯಾರೂ ಹಾಗಿಲ್ಲ ಟೀಚರೇ. ನಾವು ನಿಮ್ಮ ಹುಡುಗಿಗೆ ಕಡಿಮೆ ಆಗ್ತೇವಾ ಅಂತ ಸಫ್ವಾನ್ ಕೇಳ್ತಿದ್ದಾನೆ.” ಷರತ್ತು ಅವರದ್ದಲ್ಲ ಮಿಸ್ರಿಯಾ, ನಿನ್ನದು. ಅವರಿಗೆ ನಮ್ಮದೆಂದು ಹೇಳಿದೆ, ನಮಗೆ ಅವರದ್ದೆಂದು ಹೇಳಿದೆ. ನಾನು ಅವರಿಗೆ ಮಗಳನ್ನು ಕೇಳಿ ಹೇಳುತ್ತೇನೆ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳುಹಿಸಿದೆ. ಅಫ್ರಾಳಿಗೆ ಹೇಳಿಲ್ಲ. ಇದನ್ನು ಅವಳು ನನ್ನ ಬಾಯಿಯಿಂದ ಕೇಳಬಾರದು. ನೀನು ಏಕೆ ಹೀಗೆ ಮಾಡಿದೆ ಎಂದು ನನಗೆ ಗೊತ್ತು. ಆ ಫೋಟೋ ನಿನ್ನ ಕಣ್ಣಿನಿಂದ ಹೋಗಿಲ್ಲ, ಮಗಳ ಮುಖ ಇನ್ನು ಯಾರಿಗೂ ಸಿಗಬಾರದು ಎಂದುಕೊಂಡೆ. ನೀನು ಹೆದರಿದ್ದೀ, ಮಗಳೇ. ಹೆದರಿಕೆಯನ್ನು ಹೆದರಿಕೆ ಎಂದೇ ಹೇಳು, ಅದಕ್ಕೆ ದೀನಿನ ಹೆಸರೂ ಬೇಡ, ಕಾರ್ಕಳದವರ ಹೆಸರೂ ಬೇಡ. ಹೆದರಿಕೆಯೆಂದರೆ ಅವಳು ಕೇಳಿಸಿಕೊಳ್ಳುತ್ತಾಳೆ, ಅವಳಿಗೂ ಅದು ಗೊತ್ತುಂಟು. ಶುಕ್ರವಾರ ಅವಳು ಬೇಡ ಎನ್ನುವ ಮೊದಲೇ ನೀನು ಹೇಳಿಬಿಡು. ಮುಚ್ಚುವುದು ಬಿಡುವುದು ಆಮೇಲೆ ಅವಳಿಗೆ ಬಿಟ್ಟದ್ದು. ಮತ್ತೆ, ಅವತ್ತು ಒಂದು ದಿನ ವಿಡಿಯೋ ಹಾಕು. ಇದನ್ನೆಲ್ಲ ಹೇಳುವಾಗ ಅವಳು ನಿನ್ನ ಮುಖ ನೋಡಬೇಕು. ನನಗೂ ನೋಡದೆ ಎರಡು ವರ್ಷವಾಯಿತು.